ಘಾಟಿ ಇಳಿದ ದಿನ ಮಾತ್ರ ಸೋರುತ್ತಿದ್ದ ಸ್ಟೀರಿಂಗ್ ರ‍್ಯಾಕ್: ಒಂದು ಇನ್ನೋವಾದ ಪ್ರಕರಣ

ಗಾಡಿ 2011ರ ಇನ್ನೋವಾ, 2.5 ಲೀಟರ್ ಡೀಸೆಲ್. ತೀರ್ಥಹಳ್ಳಿಯಲ್ಲಿ ಬಾಡಿಗೆಗೆ ಓಡುತ್ತದೆ. ಮಲೆನಾಡಿನ ಬಾಡಿಗೆ ಗಾಡಿ ಅಂದಮೇಲೆ ವಾರಕ್ಕೊಮ್ಮೆಯಾದರೂ ಮಣಿಪಾಲದ ಆಸ್ಪತ್ರೆಗೆ ಹೋಗಲೇಬೇಕು, ಅಂದರೆ ಆಗುಂಬೆ ಘಾಟಿಯ 14 ಹೇರ್‌ಪಿನ್ ತಿರುವು ಇಳಿದು ಹತ್ತಬೇಕು. ಮೀಟರ್ 2 ಲಕ್ಷ 80 ಸಾವಿರ ದಾಟಿತ್ತು. ಎಂಜಿನ್, ಗೇರ್‌ಬಾಕ್ಸ್ ಎರಡೂ ಗಟ್ಟಿ. ದೂರು ಒಂದೇ: ಪವರ್ ಸ್ಟೀರಿಂಗ್ ಆಯಿಲ್ ಕಡಿಮೆಯಾಗುತ್ತಿದೆ, ಎಲ್ಲಿಂದ ಹೋಗುತ್ತಿದೆ ಅಂತ ಯಾರಿಗೂ ಸಿಕ್ಕಿಲ್ಲ.

ನಮ್ಮ ಗ್ಯಾರೇಜಿಗೆ ಬರುವ ಹೊತ್ತಿಗೆ ಆ ಗಾಡಿಗೆ ಆಗಲೇ ಸಾಕಷ್ಟು ದುಡ್ಡು ಸುರಿದಾಗಿತ್ತು. ಒಂದು ಕಡೆ ಹೈ ಪ್ರೆಶರ್ ಹೋಸ್ ಬದಲಾಯಿಸಿದ್ದರು. ಇನ್ನೊಂದು ಕಡೆ ಪಂಪಿನ ಸೀಲ್ ಕಿಟ್ ಹಾಕಿದ್ದರು. ಮಧ್ಯದಲ್ಲಿ ಯಾರದೋ ಮಾತು ಕೇಳಿ ಲೀಕ್ ನಿಲ್ಲಿಸುವ ಕೆಮಿಕಲ್ಲನ್ನೂ ಸ್ಟೀರಿಂಗ್ ಆಯಿಲಿನ ಟ್ಯಾಂಕಿಗೆ ಹುಯ್ದಿದ್ದರು. ಕೊನೆಗೆ ಬಂದ ಸಲಹೆ: ಸ್ಟೀರಿಂಗಿನ ತಿರುವನ್ನು ಮುಂಚಕ್ರಗಳಿಗೆ ಮುಟ್ಟಿಸುವ ರ‍್ಯಾಕ್ ಪೂರ್ತಿ ಬದಲಾಯಿಸಿಬಿಡಿ. ಹೊಸ ರ‍್ಯಾಕ್ ಅಂದರೆ ಹತ್ತಾರು ಸಾವಿರದ ಮಾತು. ಚಾಲಕರೇ ಮಾಲೀಕರು, ಗಾಡಿ ನಿಂತರೆ ಮನೆ ಖರ್ಚೂ ನಿಲ್ಲುತ್ತದೆ. ಅದಕ್ಕೇ ಒಂದು ಸಲ ತೋರಿಸಿ ನೋಡೋಣ ಅಂತ ಶಿವಮೊಗ್ಗಕ್ಕೆ ಬಂದಿದ್ದರು.

ಬಾನೆಟ್ ಎತ್ತುವ ಮೊದಲು ನಾನು ಸುಮ್ಮನೆ ಮಾತಿಗೆ ಕೂರಿಸುತ್ತೇನೆ. ಎಷ್ಟು ದಿನಕ್ಕೆ ಆಯಿಲ್ ಹಾಕುತ್ತೀರಿ, ಗಾಡಿ ನಿಂತಲ್ಲಿ ಎಲ್ಲಿ ಕಲೆ ಬೀಳುತ್ತದೆ, ಬೆಳಗ್ಗೆ ಸ್ಟೀರಿಂಗ್ ಗಡಸಾಗಿರುತ್ತಾ, ಸದ್ದು ಯಾವಾಗ ಬರುತ್ತದೆ. ಆಗ ಅವರು ಹೇಳಿದ ಒಂದು ಮಾತೇ ಈ ಇಡೀ ಕೆಲಸಕ್ಕೆ ದಾರಿ ತೋರಿಸಿತು: "ಘಾಟಿ ಇಳಿದು ಬಂದ ದಿನ ಮಾತ್ರ ಕೆಳಗೆ ಕಲೆ ಬೀಳುತ್ತೆ ಸಾರ್, ಎಡಗಡೆ ಚಕ್ರದ ಹತ್ತಿರ. ಶಿವಮೊಗ್ಗಕ್ಕೆ ಬಂದು ಹೋದರೆ ನೆಲ ಒಣಗೇ ಇರುತ್ತೆ."

ಹೋಸ್ ಒಡೆದಿದ್ದರೆ ಅದಕ್ಕೆ ಆಗುಂಬೆ ಯಾವುದು, ಶಿವಮೊಗ್ಗ ಯಾವುದು ಅನ್ನುವ ಭೇದ ಇಷ್ಟು ಚೆನ್ನಾಗಿ ಗೊತ್ತಾಗುವುದಿಲ್ಲ. ಪಂಪಿನ ಶಾಫ್ಟ್ ಸೀಲ್ ಹೋಗಿದ್ದರೆ ಎಂಜಿನ್ ಓಡುವಷ್ಟು ಹೊತ್ತೂ ಜಿನುಗಬೇಕು. ತಿರುವಿನಲ್ಲಿ ಮಾತ್ರ ಸೋರುತ್ತದೆ ಅಂದರೆ ತಿರುವಿನಲ್ಲಿ ಮಾತ್ರ ಅಲುಗಾಡುವ ಭಾಗವನ್ನು ಮೊದಲು ನೋಡಬೇಕು.

ಇಲ್ಲಿ ರ‍್ಯಾಕ್ ಕೆಲಸ ಮಾಡುವ ರೀತಿ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ಆಯಿಲ್ ಇರುವ ಹಳೆಯ ಮಾದರಿಯ ಪವರ್ ಸ್ಟೀರಿಂಗಿನಲ್ಲಿ ಎಂಜಿನ್ ಬೆಲ್ಟ್ ಒಂದು ಪಂಪನ್ನು ತಿರುಗಿಸುತ್ತದೆ. ಕಾರುಗಳಲ್ಲಿ ಈ ಪಂಪಿನ ಗರಿಷ್ಠ ಒತ್ತಡ ಸುಮಾರು 70ರಿಂದ 100 ಬಾರ್ ವರೆಗೆ ಇರುತ್ತದೆ. ಆ ಆಯಿಲ್ ಸ್ಟೀರಿಂಗ್ ಕಂಬದ ತುದಿಯಲ್ಲಿರುವ ರೋಟರಿ ವಾಲ್ವಿಗೆ ಬರುತ್ತದೆ. ವಾಲ್ವಿನೊಳಗೆ ಟಾರ್ಶನ್ ಬಾರ್ ಎಂಬ ತೆಳ್ಳನೆಯ ಉಕ್ಕಿನ ಕಡ್ಡಿ ಇದೆ. ನೀವು ಸ್ಟೀರಿಂಗ್ ತಿರುಗಿಸಿದಾಗ ಅದು ಕೂದಲೆಳೆಯಷ್ಟು ತಿರುಚಿಕೊಳ್ಳುತ್ತದೆ, ಅಷ್ಟಕ್ಕೇ ವಾಲ್ವಿನ ಬಾಯಿ ತೆರೆದು ಆಯಿಲ್ ಒಂದು ಪಕ್ಕಕ್ಕೆ ಹರಿಯುತ್ತದೆ. ರ‍್ಯಾಕಿನ ಉದ್ದನೆಯ ದಂಡಕ್ಕೆ ಒಂದು ಭಾಗದಲ್ಲಿ ಹಲ್ಲು, ಉಳಿದ ಭಾಗ ಕನ್ನಡಿ ಹಾಗೆ ನುಣುಪು. ನುಣುಪಾದ ಭಾಗದ ನಡುವೆ ಪಿಸ್ಟನ್. ಪಿಸ್ಟನ್‌ನ ಎಡಕ್ಕೊಂದು ಕೋಣೆ, ಬಲಕ್ಕೊಂದು ಕೋಣೆ. ಯಾವ ಕೋಣೆಗೆ ಒತ್ತಡ ಬಂದರೆ ದಂಡ ಅದರ ಎದುರು ಪಕ್ಕಕ್ಕೆ ಸರಿಯುತ್ತದೆ. ಈ ಎರಡು ಕೋಣೆಯಿಂದ ಆಯಿಲ್ ಹೊರಗೆ ಬರದ ಹಾಗೆ ತಡೆಯುವುದು ಎರಡು ಸೀಲು: ದಂಡದ ಹಲ್ಲಿಗೆ ಕೂರುವ ಪಿನಿಯನ್ ಎಂಬ ಚಿಕ್ಕ ಹಲ್ಲುಚಕ್ರದ ಪಕ್ಕದಲ್ಲಿ ಒಳಗಿನ ಸೀಲು, ಸಿಲಿಂಡರಿನ ತುದಿಯಲ್ಲಿ ಹೊರಗಿನ ಸೀಲು.

ನಮ್ಮ ದೇಶದ ಗಾಡಿಗಳಲ್ಲಿ ಸ್ಟೀರಿಂಗ್ ಬಲಗಡೆ, ಹಾಗಾಗಿ ಪಿನಿಯನ್, ವಾಲ್ವ್ ಎಲ್ಲ ಬಲಗಡೆ. ಸಿಲಿಂಡರಿನ ತುದಿ ಎಡಗಡೆ. ಇದೊಂದು ಗೊತ್ತಿದ್ದರೆ ಅರ್ಧ ರೋಗ ಹಿಡಿದ ಹಾಗೆ. ದಂಡದ ಎರಡೂ ತುದಿಗೆ ಮಡಿಕೆ ಮಡಿಕೆಯಾದ ರಬ್ಬರ್ ಹೊದಿಕೆ ಇರುತ್ತದೆ, ಅದೇ ಬೂಟು. ಬಲಗಡೆಯ ಬೂಟಿನಲ್ಲಿ ಆಯಿಲ್ ಬಂದರೆ ಒಳಗಿನ ಸೀಲಿನ ಮೇಲೋ ವಾಲ್ವಿನ ಕೆಳಗಿನ ಸೀಲಿನ ಮೇಲೋ ಅನುಮಾನ. ಎಡಗಡೆಯ ಬೂಟಿನಲ್ಲಿ ಬಂದರೆ ಹೊರಗಿನ ಸೀಲು. ಸ್ಟೀರಿಂಗ್ ಕಂಬ ರ‍್ಯಾಕಿಗೆ ಸೇರುವ ಜಾಗದಲ್ಲಿ ಒದ್ದೆಯಾದರೆ ವಾಲ್ವಿನ ಮೇಲಿನ ಸೀಲು. ಕೆಲವು ರ‍್ಯಾಕುಗಳಲ್ಲಿ ಎರಡೂ ಬೂಟುಗಳ ನಡುವೆ ಗಾಳಿ ಓಡಾಡಲು ಒಂದು ಸಣ್ಣ ಪೈಪ್ ಇರುತ್ತದೆ, ಅದರ ಮೂಲಕ ಒಂದು ಬೂಟಿನ ಆಯಿಲ್ ಇನ್ನೊಂದಕ್ಕೆ ದಾಟಿ ದಾರಿ ತಪ್ಪಿಸುತ್ತದೆ. ಅದನ್ನೂ ನೆನಪಿಟ್ಟುಕೊಳ್ಳಬೇಕು.

ಮೊದಲು ಬಿದ್ದ ಹನಿ ಯಾವುದರದು ಅಂತ ಖಚಿತ ಮಾಡಿಕೊಂಡೆವು. ಈ ಗಾಡಿಗೆ ಹಾಕುವುದು ಡೆಕ್ಸ್ರಾನ್ ದರ್ಜೆಯ ಎಟಿಎಫ್, ಅಂದರೆ ಆಟೋಮ್ಯಾಟಿಕ್ ಗೇರ್‌ಬಾಕ್ಸಿಗೂ ಹಾಕುವ ಆಯಿಲ್, ಹೊಸದರಲ್ಲಿ ಕೆಂಪು. ಡೀಸೆಲ್ ಎಂಜಿನ್ ಆಯಿಲ್ ಹಾಕಿದ ಸ್ವಲ್ಪ ದಿನಕ್ಕೇ ಮಸಿಯಂತೆ ಕಪ್ಪಾಗುತ್ತದೆ. ಕೂಲಂಟ್ ಬೆರಳಿಗೆ ಆಯಿಲಿನ ಹಾಗೆ ಜಿಡ್ಡು ಕೊಡುವುದಿಲ್ಲ. ಬಿಳಿ ಕಾಗದದ ಮೇಲೆ ಒಂದು ಹನಿ ಹಿಡಿದೆವು. ನಡುವೆ ಕಂದು, ಅಂಚಿನಲ್ಲಿ ಸ್ವಲ್ಪ ಕೆಂಪು ಛಾಯೆ. ಹಳೆಯ ಎಟಿಎಫ್, ಅನುಮಾನವಿಲ್ಲ. ಟ್ಯಾಂಕಿನ ಮುಚ್ಚಳ ತೆಗೆದು ನೋಡಿದರೆ ಆಯಿಲ್ ಕೆಳಗಿನ ಗೆರೆಗಿಂತ ಕಡಿಮೆ, ಮೇಲೆ ಸಣ್ಣ ನೊರೆ. ಆಯಿಲ್ ಕಡಿಮೆಯಾಗಿ ಪಂಪು ಗಾಳಿಯನ್ನೂ ಎಳೆಯುತ್ತಿತ್ತು. ಹೇರ್‌ಪಿನ್ನಿನಲ್ಲಿ ಬರುತ್ತಿದ್ದ ಗುರ್ ಎಂಬ ನರಳಾಟ ಅದರದೇ.

ಗಾಡಿಯ ಅಡಿಭಾಗ ಪೂರ್ತಿ ಒದ್ದೆ. ಓಡುವಾಗ ಗಾಳಿ ಆಯಿಲನ್ನು ಹಿಂದಕ್ಕೆ ತಳ್ಳುತ್ತದೆ, ಕೆಸರು ಅದರ ಮೇಲೆ ಕೂರುತ್ತದೆ, ಆಮೇಲೆ ಎಲ್ಲ ಪೈಪೂ ಸೋರುವ ಹಾಗೇ ಕಾಣುತ್ತದೆ. ಹೋಸ್ ಒದ್ದೆ ಇದೆ ಅಂತ ಹೋಸ್ ಬದಲಾಯಿಸಿದವರು ಬಹುಶಃ ಇದನ್ನೇ ನೋಡಿರಬೇಕು. ಒದ್ದೆ ಇರುವ ಜಾಗ ಬೇರೆ, ಸೋರುವ ಜಾಗ ಬೇರೆ. ತೊಳೆಯದೆ ತೀರ್ಮಾನ ಕೊಡುವುದು ಈ ಕೆಲಸದಲ್ಲಿ ಗಿರಾಕಿಯ ದುಡ್ಡನ್ನು ನೀರಿಗೆ ಹಾಕುವ ಕೆಲಸ, ಅದನ್ನು ನಾನು ಕಡ್ಡಿ ಮುರಿದ ಹಾಗೇ ಹೇಳುತ್ತೇನೆ.

ಡಿಗ್ರೀಸರ್ ಹೊಡೆದು, ತೊಳೆದು, ಗಾಳಿ ಹಿಡಿದು ಒಣಗಿಸಿದೆವು. ಟ್ಯಾಂಕಿಗೆ ಗೆರೆಯವರೆಗೆ ಎಟಿಎಫ್ ತುಂಬಿಸಿ, ಜೊತೆಗೆ ಯುವಿ ದೀಪದಲ್ಲಿ ಹೊಳೆಯುವ ಡೈ ಸೇರಿಸಿದೆವು. ಪಂಪಿನ ಕೆಳಗೆ, ಹೋಸಿನ ಕ್ರಿಂಪ್ ಮೇಲೆ, ಪೈಪ್ ನಟ್ಟುಗಳ ಸುತ್ತ, ವಾಲ್ವಿನ ಕುತ್ತಿಗೆಗೆ ಮುಖಕ್ಕೆ ಹಾಕುವ ಪೌಡರನ್ನೇ ತೆಳ್ಳಗೆ ಉದುರಿಸಿದೆವು. ಡೈ ಇಲ್ಲದ ಊರಿನಲ್ಲೂ ಪೌಡರ್ ಡಬ್ಬಿ ಸಿಗುತ್ತದೆ. ಹನಿ ಮೊದಲು ಹೊರಟ ಕಡೆ ಪೌಡರಿನ ಮೇಲೆ ಸ್ಪಷ್ಟವಾದ ಗೆರೆ ಬೀಳುತ್ತದೆ.

ಎಂಜಿನ್ ಐಡಲ್‌ನಲ್ಲಿ ಬಿಟ್ಟು ಸ್ಟೀರಿಂಗ್ ನೇರ ಇಟ್ಟುಕೊಂಡು ಕಾದೆವು. ಎಲ್ಲ ಒಣ. ಆಮೇಲೆ ಒಂದು ಲಾಕಿನಿಂದ, ಅಂದರೆ ಸ್ಟೀರಿಂಗ್ ಮುಂದೆ ತಿರುಗದೆ ನಿಲ್ಲುವ ತುದಿಯಿಂದ, ಇನ್ನೊಂದು ಲಾಕಿನವರೆಗೆ ನಿಧಾನವಾಗಿ ತಿರುಗಿಸಿದೆವು. ಪೂರ್ತಿ ತಿರುಗಿಸಿ 10 ಸೆಕೆಂಡಿಗಿಂತ ಹೆಚ್ಚು ಹಿಡಿದಿಡಬಾರದು. ಆಗ ಪಂಪು ಗರಿಷ್ಠ ಒತ್ತಡದಲ್ಲೇ ನಿಂತು ಆಯಿಲ್ ಕಾಯುತ್ತದೆ, ಒಳ್ಳೆಯ ಸೀಲೂ ಹಾಳಾಗುತ್ತದೆ. ಪಂಪಿನಲ್ಲಿ ಗೆರೆ ಇಲ್ಲ, ಹೋಸಿನಲ್ಲಿ ಇಲ್ಲ, ವಾಲ್ವಿನ ಕುತ್ತಿಗೆಯಲ್ಲಿ ಇಲ್ಲ. ಆದರೆ ಎಡಗಡೆ ಬೂಟಿನ ಒಳತುದಿಯ ಕ್ಲಾಂಪಿನ ಹತ್ತಿರ ದೀಪ ಹಿಡಿದರೆ ಹಳದಿ ಹಸಿರು ಹೊಳಪು. ಬೂಟನ್ನು ಕೈಯಲ್ಲಿ ಒತ್ತಿದರೆ ಒಳಗೆ ದ್ರವ ಕುಲುಕಿದ ಅನುಭವ. ಕ್ಲಾಂಪ್ ಸಡಿಲಿಸಿ ಬೂಟ್ ಸರಿಸುವಾಗ ತಟ್ಟೆ ಹಿಡಿದುಕೊಂಡಿದ್ದು ಒಳ್ಳೆಯದಾಯಿತು, ಕಂದು ಆಯಿಲ್ ಧಾರೆಯಾಗಿ ಸುರಿಯಿತು.

ಇಷ್ಟಕ್ಕೇ "ಹೊರಗಿನ ಸೀಲ್ ಹೋಗಿದೆ, ಕಿಟ್ ಹಾಕೋಣ" ಅಂತ ಹೇಳಿಬಿಡಬಹುದು. ಹಲವರು ಹೇಳುವುದೂ ಅದನ್ನೇ. ಆದರೆ ಚಾಲಕರ ಮಾತು ಇನ್ನೂ ಪೂರ್ತಿ ಬಿಡಿಸಿರಲಿಲ್ಲ. ಘಾಟಿಯಲ್ಲಿ ಮಾತ್ರ ಯಾಕೆ? ಒಂದು ಉತ್ತರ ಸುಲಭದ್ದು: ಆಯಿಲ್ ದಿನವೂ ಸ್ವಲ್ಪ ಸ್ವಲ್ಪ ಬೂಟಿನಲ್ಲಿ ಮಡುಗಟ್ಟುತ್ತದೆ, ಪೂರ್ತಿ ತಿರುಗಿಸಿದಾಗ ಬೂಟು ಮಡಚಿಕೊಂಡು ಅದನ್ನು ಹೊರಗೆ ತಳ್ಳುತ್ತದೆ. ಇದು ನಿಜವೇ. ಆದರೆ ಇಷ್ಟೇ ಆಗಿದ್ದರೆ ಊರೊಳಗೆ ಪಾರ್ಕಿಂಗ್‌ಗೆ ತಿರುಗಿಸಿದಾಗಲೂ ಒಮ್ಮೊಮ್ಮೆ ಕಲೆ ಬೀಳಬೇಕಿತ್ತು.

ಅದಕ್ಕೇ ಬೂಟನ್ನು ಹಿಂದಕ್ಕೆ ಸರಿಸಿಟ್ಟು, ದಂಡದ ಬಯಲಾದ ಭಾಗವನ್ನು ಒಣ ಬಟ್ಟೆಯಲ್ಲಿ ಒರೆಸಿ, ಎಂಜಿನ್ ಆನ್ ಮಾಡಿ ಒಬ್ಬರು ಸ್ಟೀರಿಂಗ್ ಹಿಡಿದರು, ನಾನು ಕೆಳಗೆ ಮಲಗಿ ದೀಪ ಹಿಡಿದೆ. ಗಾಡಿ ಸ್ಟ್ಯಾಂಡಿನ ಮೇಲೆ, ಬರೀ ಜಾಕಿನ ಮೇಲಲ್ಲ. ನೇರದಲ್ಲಿ ಸೀಲಿನ ಬಾಯಿ ಒಣ. ಎರಡೂ ಪಕ್ಕ ಸ್ವಲ್ಪ ಸ್ವಲ್ಪ ತಿರುಗಿಸಿದರೂ ಒಣ. ಇನ್ನೂ ತಿರುಗಿಸಿದಾಗ ದಂಡದ ಹೊರಗಿನ ಭಾಗ ಸಿಲಿಂಡರಿನ ಒಳಕ್ಕೆ ಹೋಗತೊಡಗಿತು. ಒಂದು ಹಂತ ದಾಟುತ್ತಿದ್ದ ಹಾಗೆ ಸೀಲಿನ ಸುತ್ತ ಆಯಿಲಿನ ಉಂಗುರ ಮೂಡಿತು, ಕೆಳಭಾಗದಲ್ಲಿ ಹನಿಯಾಗಿ ತೂಗಿತು. ವಾಪಸ್ ನೇರಕ್ಕೆ ತಂದರೆ ನಿಂತಿತು. ಮತ್ತೆ ತಿರುಗಿಸಿದರೆ ಮತ್ತೆ ಅದೇ ಜಾಗದಲ್ಲಿ ಶುರು. ದಂಡದ ಮೇಲೆ ತೆಳ್ಳನೆಯ ಆಯಿಲ್ ಪದರ ಇರುವುದು ಸಹಜ, ಸೀಲಿಗೆ ಅದು ಬೇಕು ಕೂಡ. ಇದು ಅಂಥ ಪದರವಲ್ಲ.

ಸೀಲು ಇರುವ ಜಾಗದಲ್ಲೇ ಇರುತ್ತದೆ, ಸರಿಯುವುದು ದಂಡ. ಸೀಲೇ ಹಾಳಾಗಿದ್ದರೆ ದಂಡ ಯಾವ ಸ್ಥಾನದಲ್ಲಿದ್ದರೂ ಒತ್ತಡ ಬಂದಾಗಲೆಲ್ಲ ಸೋರಬೇಕು. ದಂಡದ ಒಂದು ನಿರ್ದಿಷ್ಟ ಭಾಗ ಸೀಲಿನ ಕೆಳಗೆ ಬಂದಾಗ ಮಾತ್ರ ಸೋರಿದರೆ ರೋಗ ದಂಡದ ಆ ಭಾಗದಲ್ಲಿದೆ. ಇನ್ನೊಂದು ಲೆಕ್ಕವೂ ಇದಕ್ಕೆ ಸೇರುತ್ತದೆ. ಎಡಗೋಣೆಗೆ ಒತ್ತಡ ಬರುವುದು ದಂಡ ಬಲಕ್ಕೆ ಸರಿಯುವಾಗ, ದಂಡ ಬಲಕ್ಕೆ ಸರಿದಾಗಲೇ ಎಡತುದಿಯ ಬಯಲು ಭಾಗ ಸೀಲಿನೊಳಗೆ ನುಗ್ಗುವುದು. ಅಂದರೆ ಕೆಟ್ಟ ಮೇಲ್ಮೈ ಸೀಲಿನ ಕೆಳಗೆ ಬರುವ ಹೊತ್ತಿಗೇ ಒತ್ತಡವೂ ಮೇಲಕ್ಕೇರಿರುತ್ತದೆ. ಚಕ್ರ ಯಾವ ಪಕ್ಕಕ್ಕೆ ತಿರುಗುತ್ತದೆ ಅನ್ನುವುದು ರ‍್ಯಾಕು ಆಕ್ಸಲ್ ರೇಖೆಯ ಮುಂದಿದೆಯೋ ಹಿಂದಿದೆಯೋ ಅನ್ನುವುದರ ಮೇಲೆ ನಿಂತಿದೆ, ಆದರೆ ದಂಡದ ಮಟ್ಟಿಗೆ ಈ ಲೆಕ್ಕ ಬದಲಾಗದು. ಹೆದ್ದಾರಿಯಲ್ಲಿ ಸ್ಟೀರಿಂಗ್ ಅಲುಗುವುದು ಅಂಗೈ ಅಗಲ. ಆಗುಂಬೆಯ ತಿರುವಿನಲ್ಲಿ ಗಾಡಿ ನಿಧಾನ, ಜನ ತುಂಬಿದ ಭಾರ, ಸ್ಟೀರಿಂಗ್ ಪೂರ್ತಿ, ಆಯಿಲ್ ಕಾದು ತೆಳ್ಳಗಾಗಿರುತ್ತದೆ. ಪಾರ್ಕಿಂಗಿನಲ್ಲಿ ಒಂದೆರಡು ಸಲ ಆಗುವುದು ಅಲ್ಲಿ ಸಾಲಾಗಿ ಆಗುತ್ತದೆ.

ಇಷ್ಟಾದ ಮೇಲೆ ರ‍್ಯಾಕ್ ಇಳಿಸಲು ನಿರ್ಧರಿಸಿದೆವು. ಇಳಿಸುವ ಕೆಲಸದಲ್ಲಿ ಒಂದೆರಡು ಎಚ್ಚರ ಹೇಳಲೇಬೇಕು. ಚಕ್ರ ನೇರ ಇಟ್ಟು, ಸ್ಟೀರಿಂಗ್ ವೀಲನ್ನು ಸೀಟ್ ಬೆಲ್ಟಿನಿಂದ ಕಟ್ಟಿಬಿಡಬೇಕು. ಕಂಬ ಬಿಚ್ಚಿದ ಮೇಲೆ ವೀಲ್ ಯದ್ವಾತದ್ವಾ ತಿರುಗಿದರೆ ಏರ್‌ಬ್ಯಾಗ್ ಇರುವ ಗಾಡಿಯಲ್ಲಿ ವೀಲಿನ ಹಿಂದಿನ ಸ್ಪೈರಲ್ ಕೇಬಲ್ ಹರಿದುಹೋಗುತ್ತದೆ. ಕಂಬದ ಜಾಯಿಂಟಿಗೆ ಬಿಳಿ ಬಣ್ಣದ ಗುರುತು ಹಾಕಬೇಕು. ದಂಡವನ್ನು ಚಕ್ರಕ್ಕೆ ಸೇರಿಸುವ ಟೈ ರಾಡಿನ ಎಂಡನ್ನು ಸುತ್ತಿಗೆಯಲ್ಲಿ ಹೊಡೆಯದೆ ಪುಲ್ಲರಿನಿಂದ ಬಿಡಿಸಬೇಕು. ಪೈಪ್ ನಟ್ಟಿಗೆ ಫ್ಲೇರ್ ಸ್ಪ್ಯಾನರೇ ಹಾಕಬೇಕು, ಸಾದಾ ಸ್ಪ್ಯಾನರ್ ಹಾಕಿ ಮೂಲೆ ಸವೆಸಿದರೆ ಮುಂದಿನ ಸಲ ಪೈಪನ್ನೇ ಕತ್ತರಿಸಬೇಕಾಗುತ್ತದೆ. ಬಿಚ್ಚಿದ ಪ್ರತಿ ಬಾಯಿಗೂ ಆಗಲೇ ಮುಚ್ಚಳ. ಒಂದು ಮರಳಿನ ಕಣ ಒಳಗೆ ಹೋದರೂ ಅದು ವಾಲ್ವಿನಲ್ಲಿ ಸಿಕ್ಕಿಕೊಳ್ಳುತ್ತದೆ.

ಬೆಂಚಿನ ಮೇಲೆ ಇಟ್ಟ ಕೂಡಲೇ ಬಿಚ್ಚಲಿಲ್ಲ. ಸಿಲಿಂಡರಿನ ಎರಡು ಪೈಪ್ ತೆಗೆದು, ಎರಡೂ ಬಾಯನ್ನು ಒಂದು ಟಿ ಜಾಯಿಂಟಿಗೆ ಸೇರಿಸಿ, ಕೈ ಪಂಪಿನಿಂದ ಗಾಳಿ ಎಳೆದೆವು. ಟೊಯೊಟಾ ಮ್ಯಾನುಯಲ್ಲಿನಲ್ಲಿ ರ‍್ಯಾಕ್ ಜೋಡಿಸುವಾಗ ಮಾಡುವ ಪರೀಕ್ಷೆ ಇದು: ಪಾದರಸದ 400 ಮಿಲಿಮೀಟರಿನಷ್ಟು, ಅಂದರೆ 53 ಕಿಲೋಪಾಸ್ಕಲ್ ವ್ಯಾಕ್ಯೂಮ್ ಕೊಟ್ಟರೆ ಸುಮಾರು 30 ಸೆಕೆಂಡ್ ಗೇಜಿನ ಮುಳ್ಳು ಅಲುಗಬಾರದು. ದಂಡ ನಡುವೆ ಇದ್ದಾಗ ಮುಳ್ಳು ಅಲುಗಲಿಲ್ಲ. ಪಿನಿಯನ್ ತಿರುಗಿಸಿ ದಂಡವನ್ನು ಬಲಕ್ಕೆ ಸರಿಸಿದೆವು, ಮುಳ್ಳು ಕಣ್ಣೆದುರೇ ಇಳಿಯಿತು. ಈ ಪರೀಕ್ಷೆಯನ್ನು ನಡುವಿನ ಸ್ಥಾನದಲ್ಲಿ ಮಾತ್ರ ಮಾಡಿ ಮುಗಿಸಿದ್ದರೆ ಇದೇ ರ‍್ಯಾಕು ಪಾಸಾಗಿಬಿಡುತ್ತಿತ್ತು. ಹಳೆಯ ರ‍್ಯಾಕಿಗೆ ಮೂರು ಸ್ಥಾನದಲ್ಲೂ ಮಾಡಿ ಅಂತ ಹೊಸ ಹುಡುಗರಿಗೆ ನಾನು ಹೇಳುವುದು ಇದಕ್ಕೇ.

ಬಿಚ್ಚಿದೆವು. ಟೈ ರಾಡಿನ ಮಡಚು ವಾಷರ್ ಬಿಡಿಸಿ, ದಂಡವನ್ನು ಪಿನಿಯನ್ನಿಗೆ ಒತ್ತಿ ಹಿಡಿಯುವ ರ‍್ಯಾಕ್ ಗೈಡಿನ ಕ್ಯಾಪಿಗೆ ಗುರುತು ಹಾಕಿ, ಸ್ಪ್ರಿಂಗ್ ಮತ್ತು ಗೈಡ್ ತೆಗೆದು, ವಾಲ್ವನ್ನು ಹೊರಗೆಳೆದು, ಕೊನೆಗೆ ದಂಡ. ವಾಲ್ವ್ ಕೂರುವ ತೂತಿನ ಗೋಡೆಗೆ ಬೆರಳು ಆಡಿಸಿ ನೋಡಿದೆವು. ವಾಲ್ವಿನ ಟೆಫ್ಲಾನ್ ರಿಂಗುಗಳು ವರ್ಷಗಟ್ಟಲೆ ಉಜ್ಜಿ ಅಲ್ಯೂಮಿನಿಯಂ ಗೋಡೆಯಲ್ಲಿ ತೋಡು ಬಿದ್ದಿದ್ದರೆ ಬೆಳಗ್ಗೆ ಸ್ಟೀರಿಂಗ್ ಗಡಸು, ಕಾದ ಮೇಲೆ ಹಗುರ ಅನ್ನುವ ತೊಂದರೆ ಬರುತ್ತದೆ, ಅಂಥ ಹೌಸಿಂಗಿಗೆ ಸೀಲ್ ಕಿಟ್ ಹಾಕಿ ಉಪಯೋಗವಿಲ್ಲ. ಇಲ್ಲಿ ಗೋಡೆ ನುಣುಪಾಗಿತ್ತು. ಹಲ್ಲುಗಳಲ್ಲಿ ಸವಕಳಿ ಇತ್ತು, ಆದರೆ ಮುರುಕು, ಸಿಪ್ಪೆ ಏಳುವುದು ಇರಲಿಲ್ಲ. ಒಳಗಿನ ಸೀಲೂ ಸರಿಯಾಗಿತ್ತು.

ದಂಡದ ಎಡತುದಿಯನ್ನು ಪೆಟ್ರೋಲಿನಲ್ಲಿ ಒರೆಸಿ ಬೆಳಕಿಗೆ ಹಿಡಿದರೆ ಎಲ್ಲ ಕಂಡಿತು. ನೇರ ಸ್ಥಾನದಲ್ಲಿ ಸೀಲಿನಿಂದ ಸ್ವಲ್ಪ ಹೊರಗೆ, ಬೂಟಿನೊಳಗೆ ಇರುವ ಭಾಗದಲ್ಲಿ, ಕೆಳಮುಖಕ್ಕೆ ಒಂದು ಪಟ್ಟಿಯಷ್ಟು ತುಕ್ಕಿನ ಗುಳಿಗಳು. ಸಾಸಿವೆಗಿಂತ ಚಿಕ್ಕವು, ಒತ್ತೊತ್ತಾಗಿ. ಉಗುರನ್ನು ಉದ್ದಕ್ಕೆ ಎಳೆದರೆ ಆ ಜಾಗದಲ್ಲಿ ಕಟ್ ಕಟ್ ಎಂದು ಸಿಕ್ಕಿಕೊಳ್ಳುತ್ತಿತ್ತು. ಉಗುರು ಜಾರಿ ಹೋದರೆ ಅದು ಬರೀ ಕಲೆ, ನುಣುಪಾದ ಎಮರಿ ಕಾಗದಕ್ಕೆ ಆಯಿಲ್ ಹಚ್ಚಿ ಉಜ್ಜಿದರೆ ಸಾಕು. ಉಗುರು ಸಿಕ್ಕಿಕೊಂಡರೆ ಅದು ಗುಳಿ, ಎಮರಿ ಅಂಚನ್ನು ಸವೆಸಬಹುದೇ ಹೊರತು ಗುಳಿಯನ್ನು ತುಂಬುವುದಿಲ್ಲ. ಸೀಲಿನ ತುಟಿಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಕೆಳಭಾಗದಲ್ಲಿ ಮಾತ್ರ ಉದ್ದುದ್ದ ಸಣ್ಣ ಗೀರುಗಳು, ದಂಡದ ಗುಳಿ ಇರುವ ಮುಖಕ್ಕೆ ಸರಿಯಾಗಿ ಎದುರು. ರಬ್ಬರು ಬೇರೆ ಅತಿಯಾಗಿ ಮೆತ್ತಗಾಗಿತ್ತು. ಲೀಕ್ ನಿಲ್ಲಿಸುವ ಕೆಮಿಕಲ್ ಮಾಡುವುದೇ ಅದು, ರಬ್ಬರನ್ನು ಉಬ್ಬಿಸುತ್ತದೆ. ಸೀಲು ಒಣಗಿ ಗಟ್ಟಿಯಾಗಿ ಸೋರುತ್ತಿದ್ದರೆ ಕೆಲವು ದಿನ ನಿಲ್ಲಬಹುದು. ಲೋಹವೇ ಗುಳಿ ಬಿದ್ದಿದ್ದರೆ ಉಬ್ಬಿದ ಮೆತ್ತನೆಯ ರಬ್ಬರು ಇನ್ನೂ ಬೇಗ ಹರಿಯುತ್ತದೆ.

ಹಾಗಾದರೆ ಬೂಟಿನೊಳಗೆ ಬೆಚ್ಚಗಿರಬೇಕಾದ ದಂಡಕ್ಕೆ ತುಕ್ಕು ಬಂದದ್ದು ಹೇಗೆ? ಎಡಗಡೆ ಬೂಟು ಹೊಸದರ ಹಾಗಿತ್ತು. ಚಾಲಕರನ್ನು ಕೇಳಿದಾಗ ನೆನಪಿಸಿಕೊಂಡು ಹೇಳಿದರು: ಹಿಂದೆ ಆ ಬೂಟು ಹರಿದಿತ್ತು, ಒಂದು ಮಳೆಗಾಲ ಪೂರ್ತಿ ಸೈಕಲ್ ಟ್ಯೂಬ್ ಸುತ್ತಿ ತಂತಿ ಕಟ್ಟಿ ಓಡಿಸಿದ್ದರು, ಮಳೆ ಮುಗಿದ ಮೇಲೆ ಹೊಸ ಬೂಟ್ ಹಾಕಿಸಿದರು. ತೀರ್ಥಹಳ್ಳಿ, ಆಗುಂಬೆ ಕಡೆಯ ಮಳೆಗಾಲ, ತೋಟದ ದಾರಿಯ ಕೆಂಪು ಕೆಸರು, ಒಂದು ತಂತಿ ಕಟ್ಟಿದ ಟ್ಯೂಬು. ನೀರು ಒಳಗೆ ಹೋಗಿ ಬೂಟಿನ ತಳದಲ್ಲಿ ನಿಂತು ದಂಡದ ಕೆಳಮುಖವನ್ನು ತಿಂದಿದೆ. ಹೊಸ ಬೂಟ್ ಹಾಕಿದವರು ದಂಡವನ್ನು ಒರೆಸಿ ನೋಡಿದ್ದರೆ ಆಗಲೇ ಗೊತ್ತಾಗುತ್ತಿತ್ತು. ತುಕ್ಕನ್ನು ಒಳಗೇ ಇಟ್ಟು ಮುಚ್ಚಿದ ಹಾಗಾಯಿತು.

ಆ ಬೂಟು ಹರಿದದ್ದು ಯಾಕೆ ಅನ್ನುವುದಕ್ಕೆ ಸಾಕ್ಷಿ ಬಲಗಡೆಯ ಬೂಟಿನಲ್ಲಿತ್ತು. ಅದು ಹಳೆಯದು, ಇನ್ನೂ ಹರಿದಿರಲಿಲ್ಲ, ಆದರೆ ಮಡಿಕೆಗಳೆಲ್ಲ ಹಿಂಡಿದ ಬಟ್ಟೆಯಂತೆ ತಿರುಚಿಕೊಂಡಿದ್ದವು. ಹೊರತುದಿಯ ಕ್ಲಾಂಪು ತುಕ್ಕು ಹಿಡಿದು ಟೈ ರಾಡಿಗೆ ಅಂಟಿಕೊಂಡಿತ್ತು, ಅದನ್ನು ಯಾರೂ ಮುಟ್ಟಿದ ಗುರುತಿಲ್ಲ. ಅಲೈನ್‌ಮೆಂಟ್ ಮಾಡುವಾಗ, ಅಂದರೆ ಚಕ್ರಗಳ ದಿಕ್ಕು ಸರಿಪಡಿಸುವಾಗ, ಟೈ ರಾಡನ್ನು ತಿರುಗಿಸುತ್ತಾರೆ. ಮೊದಲು ಬೂಟಿನ ಹೊರಗಿನ ಕ್ಲಾಂಪ್ ಸಡಿಲಿಸದಿದ್ದರೆ ರಾಡಿನ ಜೊತೆ ಬೂಟೂ ತಿರುಚಿಕೊಳ್ಳುತ್ತದೆ. ತಿರುಚಿಕೊಂಡ ರಬ್ಬರು ಪ್ರತಿ ತಿರುವಿನಲ್ಲೂ ಎಳೆದು ಮಡಚಿ ಕೊನೆಗೆ ಮಡಿಕೆಯ ಬುಡದಲ್ಲಿ ಹರಿಯುತ್ತದೆ. ಎಡಗಡೆ ಬೂಟು ಹರಿದದ್ದೂ ಅಲೈನ್‌ಮೆಂಟ್ ಮಾಡಿಸಿದ ಸ್ವಲ್ಪ ಕಾಲದಲ್ಲೇ ಅಂತ ಚಾಲಕರು ಹೇಳಿದರು. ನೂರು ರೂಪಾಯಿ ಲೆಕ್ಕದ ರಬ್ಬರಿನಿಂದ ಶುರುವಾದದ್ದು ರ‍್ಯಾಕ್ ಬದಲಾಯಿಸುವ ಮಾತಿನವರೆಗೆ ಬಂದಿತ್ತು.

ಈಗ ದಾರಿ ಮೂರು. ಹೊಸ ರ‍್ಯಾಕ್: ಎಲ್ಲಕ್ಕಿಂತ ನಿಶ್ಚಿಂತೆ, ಎಲ್ಲಕ್ಕಿಂತ ದುಬಾರಿ. ಬೆಂಗಳೂರಿನ ಶಿವಾಜಿನಗರದ ಗುಜರಿಯಿಂದ ಹಳೆಯ ರ‍್ಯಾಕ್: ಅಗ್ಗ, ಆದರೆ ಅದು ಎಂಥ ಅಪಘಾತದ ಗಾಡಿಯಿಂದ ಬಂದದ್ದು ಅಂತ ಹೇಳುವವರಿಲ್ಲ, ಸ್ಟೀರಿಂಗಿನ ವಿಷಯದಲ್ಲಿ ನನಗೆ ಅದು ಒಪ್ಪಿಗೆಯಿಲ್ಲ. ಮೂರನೆಯದು ಇದೇ ದಂಡಕ್ಕೆ ಹಾರ್ಡ್ ಕ್ರೋಮ್, ಅಂದರೆ ಗಟ್ಟಿ ಕ್ರೋಮಿಯಂ ಲೇಪ, ಮಾಡಿಸುವುದು. ಇದನ್ನು ಎಲ್ಲ ದಂಡಕ್ಕೂ ನಾನು ಹೇಳುವುದಿಲ್ಲ. ದಂಡ ಬಾಗಿದ್ದರೆ ಆಗದು, ಹಲ್ಲು ಕೆಟ್ಟಿದ್ದರೆ ಆಗದು, ಗುಳಿಯ ಮೇಲೆ ವೆಲ್ಡಿಂಗ್ ಮಾಡಿ ತುಂಬುತ್ತೇವೆ ಅನ್ನುವವರ ಹತ್ತಿರ ಹೋಗಲೇಬಾರದು, ಆ ಬಿಸಿಗೆ ಉಕ್ಕಿನ ಹದವೇ ಕೆಟ್ಟು ದಂಡ ಒಂದು ದಿನ ತುಂಡಾಗಬಹುದು. ಇಲ್ಲಿ ದಂಡವನ್ನು ವಿ ಬ್ಲಾಕಿನ ಮೇಲಿಟ್ಟು ಡಯಲ್ ಗೇಜಿನಲ್ಲಿ ನೋಡಿದರೆ ನೇರವಾಗಿತ್ತು, ಬಿರುಕು ಪರೀಕ್ಷೆಯ ಡೈಯಲ್ಲೂ ಏನೂ ಕಾಣಲಿಲ್ಲ, ಗುಳಿಗಳು ಆಳವಿರಲಿಲ್ಲ. ಮಾಲೀಕರಿಗೆ ಮೂರೂ ದಾರಿಯ ಒಳಿತು ಕೆಡುಕು ಹೇಳಿದೆ. ಅವರು ಕ್ರೋಮ್ ಆರಿಸಿಕೊಂಡರು.

ಬೆಂಗಳೂರಿನ ಪೀಣ್ಯದಲ್ಲಿ ಹೈಡ್ರಾಲಿಕ್ ರಾಡುಗಳಿಗೆ ಕ್ರೋಮ್ ಹಾಕುವವರ ಹತ್ತಿರ ಕಳಿಸಿದೆವು. ಹಲ್ಲಿನ ಭಾಗಕ್ಕೆ ಕ್ರೋಮ್ ತಗಲದ ಹಾಗೆ ಮುಚ್ಚಿ, ಕೆಟ್ಟ ಭಾಗವನ್ನು ಗುಳಿ ಹೋಗುವಷ್ಟು ಮಾತ್ರ ಗ್ರೈಂಡ್ ಮಾಡಿ, ಕ್ರೋಮ್ ಏರಿಸಿ, ಮತ್ತೆ ಮೂಲ ಅಳತೆಗೆ ಗ್ರೈಂಡ್ ಮಾಡಿ ಪಾಲಿಶ್. ನಡುವೆ ಒಂದು ಹಂತವನ್ನು ಬಿಡಕೂಡದು ಅಂತ ಬರೆದೇ ಕಳಿಸಿದ್ದೆ: ಕ್ರೋಮ್ ಆದ ಕೂಡಲೇ ದಂಡವನ್ನು 200 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗಂಟೆಗಟ್ಟಲೆ ಕಾಯಿಸಿಡಬೇಕು. ಪ್ಲೇಟಿಂಗ್ ಮಾಡುವಾಗ ಹೈಡ್ರೋಜನ್ ಉಕ್ಕಿನೊಳಗೆ ಸೇರುತ್ತದೆ, ಗಟ್ಟಿ ಉಕ್ಕು ಅದರಿಂದ ಪೆಡಸಾಗಿ ಬಿರುಕು ಬಿಡುತ್ತದೆ. ಕಾಯಿಸಿದರೆ ಅದು ಹೊರಗೆ ಹೋಗುತ್ತದೆ. ವಾಪಸ್ ಬಂದ ದಂಡವನ್ನು ಮೈಕ್ರೋಮೀಟರಿನಲ್ಲಿ ಹಲವು ಜಾಗ ಅಳೆದೆ, ಕೆಡದ ಭಾಗದ ಅಳತೆಗೂ ಕ್ರೋಮ್ ಆದ ಭಾಗಕ್ಕೂ ವ್ಯತ್ಯಾಸ ಕಾಣಲಿಲ್ಲ. ಉಗುರು ಆ ತುದಿಯಿಂದ ಈ ತುದಿಗೆ ಜಾರಿತು.

ಜೋಡಣೆಯಲ್ಲಿ ಹೊಸ ಸೀಲು ಹಾಳಾಗುವುದು ಹೆಚ್ಚಾಗಿ ಒಂದೇ ಜಾಗದಲ್ಲಿ. ದಂಡವನ್ನು ಒಳಗೆ ತೂರಿಸುವಾಗ ಹಲ್ಲಿನ ಚೂಪು ಅಂಚು ಒಳಗಿನ ಸೀಲಿನ ತುಟಿಯನ್ನು ಕೊಯ್ದುಬಿಡುತ್ತದೆ, ಕಣ್ಣಿಗೆ ಕಾಣದಷ್ಟು. ಮ್ಯಾನುಯಲ್ಲು ಟೇಪ್ ಸುತ್ತಲು ಹೇಳುತ್ತದೆ. ನಾವು ಹಳೆಯ ಎಕ್ಸ್‌ರೇ ಹಾಳೆಯನ್ನು ಕತ್ತರಿಸಿ ಹಲ್ಲಿನ ಮೇಲೆ ಬಿಗಿಯಾಗಿ ಸುರುಳಿ ಸುತ್ತಿ, ಎಟಿಎಫ್ ಹಚ್ಚಿ, ಅದರ ಮೇಲಿಂದ ಸೀಲನ್ನು ಜಾರಿಸುತ್ತೇವೆ. ಹಾಳೆ ತೆಳ್ಳಗೂ ಇರುತ್ತದೆ, ಅಂಚಿಗೆ ಮಣಿಯುವುದೂ ಇಲ್ಲ. ಸೀಲಿನ ಸ್ಪ್ರಿಂಗ್ ಇರುವ ತುಟಿ ಆಯಿಲ್ ಕಡೆಗೇ ಮುಖ ಮಾಡಿರಬೇಕು. ಪಿಸ್ಟನ್ನಿನ ಟೆಫ್ಲಾನ್ ರಿಂಗನ್ನು ಬಿಸಿನೀರಿನಲ್ಲಿ ಅದ್ದಿ ಹಿಗ್ಗಿಸಿ ಕೂರಿಸಿದ ಮೇಲೆ ಕೈಯಿಂದ ಒತ್ತಿ ಒತ್ತಿ ಮತ್ತೆ ಕುಗ್ಗಿಸಬೇಕು, ಹಿಗ್ಗಿದ ಹಾಗೇ ಸಿಲಿಂಡರಿಗೆ ತಳ್ಳಿದರೆ ಅಂಚು ಕತ್ತರಿಸುತ್ತದೆ. ಟೈ ರಾಡಿನ ಮಡಚು ವಾಷರ್ ಹೊಸದೇ ಹಾಕಿದೆವು, ಒಮ್ಮೆ ಮಡಚಿದ್ದನ್ನು ಮತ್ತೆ ಮಡಚಿದರೆ ನಂಬಿಕೆಗೆ ಬಾರದು.

ರ‍್ಯಾಕ್ ಗೈಡಿನ ಬಿಗಿ ತಾಳ್ಮೆಯ ಕೆಲಸ. ಹೆಚ್ಚು ಬಿಗಿಯಾದರೆ ತಿರುವು ಮುಗಿದ ಮೇಲೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಸಡಿಲವಾದರೆ ಕಲ್ಲು ರಸ್ತೆಯಲ್ಲಿ ಕಟಕಟ ಸದ್ದು. ಹಳೆಯ ಗುರುತಿಗೆ ತಂದು ಬಿಟ್ಟರೆ ಸಾಲದು, ಮ್ಯಾನುಯಲ್ ಹೇಳುವ ಹಾಗೆ ಬಿಗಿಮಾಡಿ, ಹಿಂದಕ್ಕೆ ಬಿಟ್ಟು, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಟಾರ್ಕ್ ಗೇಜಿನಲ್ಲಿ ನೋಡಬೇಕು. ಹಲ್ಲು ನಡುವೆ ಹೆಚ್ಚು ಸವೆದಿರುವ ಹಳೆಯ ದಂಡವಾದ್ದರಿಂದ ಎರಡೂ ತುದಿಯಲ್ಲಿ ಹಿಡಿದುಕೊಳ್ಳುತ್ತದೆಯೇ ಅಂತಲೂ ನೋಡಿಕೊಂಡೆವು. ವ್ಯಾಕ್ಯೂಮ್ ಪರೀಕ್ಷೆ ಮತ್ತೆ, ಈ ಸಲ ನಡುವೆ, ಎಡ, ಬಲ ಮೂರೂ ಕಡೆ. ಮುಳ್ಳು ನಿಂತಲ್ಲೇ ನಿಂತಿತು.

ಗಾಡಿಗೆ ಏರಿಸುವ ಮೊದಲು ಟ್ಯಾಂಕು, ಪೈಪು ಎಲ್ಲ ತೊಳೆದೆವು. ಟ್ಯಾಂಕಿನ ತಳದ ಜಾಲರಿಯಲ್ಲಿ ಹಳೆಯ ರಬ್ಬರಿನ ಕಪ್ಪು ಹುಡಿ ಕಟ್ಟಿಕೊಂಡಿತ್ತು. ಅದನ್ನು ಹಾಗೇ ಬಿಟ್ಟಿದ್ದರೆ ಪಂಪು ಆಯಿಲ್ ಸಿಗದೆ ನರಳುವುದು ಮುಂದುವರಿಯುತ್ತಿತ್ತು. ಹೊಸ ಎಟಿಎಫ್ ತುಂಬಿ, ಮುಂಚಕ್ರ ಎತ್ತಿ, ಎಂಜಿನ್ ಆಫ್ ಇಟ್ಟೇ ಲಾಕಿನಿಂದ ಲಾಕಿಗೆ ನಿಧಾನವಾಗಿ ತಿರುಗಿಸಿ ಗಾಳಿ ಬಿಡಿಸಿದೆವು. ಆಮೇಲೆ ಎಂಜಿನ್ ಓಡಿಸಿ ಮತ್ತೆ. ಗಾಳಿ ಪೂರ್ತಿ ಹೋಗಿದೆಯೇ ಅಂತ ತಿಳಿಯಲು ಒಳ್ಳೆಯ ದಾರಿ ಒಂದಿದೆ: ಆಯಿಲ್ ಕಾದ ಮೇಲೆ ಎಂಜಿನ್ ಓಡುವಾಗಿನ ಮಟ್ಟ ನೋಡಿ, ಎಂಜಿನ್ ನಿಲ್ಲಿಸಿ ಮತ್ತೆ ನೋಡಬೇಕು. ಮಟ್ಟ 5 ಮಿಲಿಮೀಟರಿಗಿಂತ ಹೆಚ್ಚು ಏರಿದರೆ ಒಳಗೆ ಇನ್ನೂ ಗಾಳಿ ಇದೆ. ಇಲ್ಲಿ ಅದಕ್ಕಿಂತ ಕಡಿಮೆಯೇ ಏರಿತು, ನೊರೆಯೂ ಇರಲಿಲ್ಲ.

ಎರಡೂ ಬೂಟು ಹೊಸದು. ಅಲೈನ್‌ಮೆಂಟಿಗೆ ಗಾಡಿ ಕಳಿಸುವಾಗ ನಮ್ಮ ಹುಡುಗನೇ ಜೊತೆಗೆ ಹೋಗಿ, ಹೊರಗಿನ ಕ್ಲಾಂಪುಗಳನ್ನು ಸಡಿಲಿಸಿ, ಟೈ ರಾಡ್ ತಿರುಗಿಸಿದ ಮೇಲೆ ಬೂಟಿನ ಮಡಿಕೆ ನೇರವಾಗಿದೆಯೇ ಅಂತ ಕೈಯಾಡಿಸಿ ನೋಡಿ, ಮತ್ತೆ ಕ್ಲಾಂಪ್ ಹಾಕಿ ಬಂದ. ಹೊಸ ರ‍್ಯಾಕಿಗೆ ಹೋಲಿಸಿದರೆ ಒಟ್ಟು ಖರ್ಚು ಅರ್ಧಕ್ಕಿಂತ ಸಾಕಷ್ಟು ಕಡಿಮೆಯಾಯಿತು. ಹೋಸಿಗೂ ಪಂಪಿನ ಕಿಟ್ಟಿಗೂ ಮೊದಲೇ ಹೋದ ದುಡ್ಡು ಮಾತ್ರ ವಾಪಸ್ ಬರಲಿಲ್ಲ, ಅದಕ್ಕೆ ಈಗಲೂ ಬೇಸರವಿದೆ.

ಮಳೆಗಾಲ ಕಳೆದು ಗಾಡಿ ಸರ್ವಿಸಿಗೆ ಬಂದಾಗ ಎಡಗಡೆ ಬೂಟ್ ಸರಿಸಿ ಬಿಳಿ ಬಟ್ಟೆಯಲ್ಲಿ ದಂಡ ಒರೆಸಿದೆ. ಬಟ್ಟೆಗೆ ಹತ್ತಿದ್ದು ತೆಳು ಜಿಡ್ಡು ಮಾತ್ರ. ಟ್ಯಾಂಕಿನ ಆಯಿಲ್ ಮೇಲಿನ ಗೆರೆಯಲ್ಲೇ ಇತ್ತು, ಬಣ್ಣ ಕೆಂಪು. ಬಲಗಡೆ ಬೂಟಿನ ಒಳಗಿನ ಕ್ಲಾಂಪ್ ಸ್ವಲ್ಪ ಸಡಿಲವಾಗಿತ್ತು, ಬದಲಾಯಿಸಿ ಕಳಿಸಿದೆವು.